ಜಟಾಮಾಂಸಿ ಕುಟ್ಟಿದ ಕೈ

ನಿದ್ದೆ ದೇವರು ಪುಕ್ಕಟೆ ಕೊಟ್ಟ ವರ ಅನ್ನುತ್ತೀರಿ. ಪುಕ್ಕಟೆಯೇ? ಹಾಗಿದ್ದರೆ ಇದನ್ನು ಕೇಳಿ.

ಒಂದೂರಿನಲ್ಲಿ ಒಬ್ಬ ಸಿರಿವಂತ. ಮನೆಯಲ್ಲಿ ಎಲ್ಲ ಇತ್ತು, ಕಣ್ಣಿಗೆ ನಿದ್ದೆಯೊಂದಿರಲಿಲ್ಲ. ವೈದ್ಯರು ಬಂದು ನಾಡಿ ನೋಡಿ ಜಟಾಮಾಂಸಿಯ ಬೇರು ಕೊಟ್ಟರು. ಘಮಘಮ ಅನ್ನುವ ಬೇರು ನೋಡಿ ಅದು. ಮಲಗುವ ಮುಂಚೆ ಹೊಸದಾಗಿ ಕುಟ್ಟಿ ಕಷಾಯ ಮಾಡಿ ಕುಡಿಯಿರಿ ಅಂದರು. ವೈದ್ಯರು ಹೇಳಿದ್ದು ಅಷ್ಟೇ. ಮಿಕ್ಕಿದ್ದನ್ನೆಲ್ಲ ಸೇರಿಸಿದವನು ಯಜಮಾನ. ಔಷಧಿ ಅಂದರೆ ಪ್ರಸಾದವಿದ್ದ ಹಾಗೆ, ಸೊಸೆ ಮಿಂದು ಮಡಿಯಲ್ಲೇ ಕುಟ್ಟಬೇಕು, ನಡುರಾತ್ರಿ ತನಗೆ ಎಚ್ಚರವಾದರೆ ಇನ್ನೊಮ್ಮೆ ಮಿಂದು ಕುಟ್ಟಬೇಕು ಎಂದ. ಸೊಸೆಗೆ ಅಂಬೆಗಾಲಿಡುವ ಕೂಸು. ಅದು ಅತ್ತರೆ ಮಾವನಿಗೆ ಎಚ್ಚರವಾಗುತ್ತದೆಂದು ತಾಯಿ ಮಗು ಇಬ್ಬರನ್ನೂ ಹಿತ್ತಿಲ ಕೋಣೆಗೆ ಕಳಿಸಿದ. ಆ ಹುಡುಗಿ ಒದ್ದೆ ಸೀರೆಯಲ್ಲಿ ಕುಟ್ಟುವುದು, ಓಡಿಹೋಗಿ ಮಗುವಿಗೆ ಹಾಲೂಡಿಸುವುದು, ಮತ್ತೆ ಸ್ನಾನ, ಮತ್ತೆ ಕುಟ್ಟುವುದು. ಯಜಮಾನ ಗೊರಕೆ ಹೊಡೆದ. ಬೇರಿನ ಮಹಿಮೆ ಅಂತ ಊರೆಲ್ಲ ಹೇಳಿಕೊಂಡು ತಿರುಗಿದ. ಬೇರಿನ ಮಹಿಮೆಯಂತೆ!

ಒಂದು ಬೆಳಗ್ಗೆ ಮೈಮುರಿಯುತ್ತ ಬಚ್ಚಲ ಕಡೆ ಬಂದ. ಸೊಸೆ ನೀರೊಲೆಗೆ ಸೌದೆ ಇಡುತ್ತ ಕೂತಲ್ಲೇ ಗೋಡೆಗೊರಗಿ ನಿದ್ದೆ ಹೋಗಿದ್ದಾಳೆ. ಮಗು ಮಡಿಲಿಂದ ಜಾರಿ ಒಲೆಯತ್ತ ಹೊರಟಿದೆ. ಹೊಳೆಯುವ ಕೆಂಡಕ್ಕೆ ಕೈ ಚಾಚಿದೆ. ಯಜಮಾನ ಓಡಿಬಂದು ಬಾಚಿ ಎತ್ತಿಕೊಂಡ. ಬೈಯಲು ಬಾಯಿ ತೆರೆದ. ಅಷ್ಟರಲ್ಲಿ ಅವಳು ಬೆಚ್ಚಿ ಎದ್ದು ನಿಂತಳು.

"ತಪ್ಪಾಯ್ತು ಮಾವ. ಈಗ್ಲೇ ಮಿಂದು ಕುಟ್ಕೊಂಡು ತರ್ತೀನಿ" ಅಂದಳು.

ನೋಡಿ, ಮಗು ಬೆಂಕಿಗೆ ಹೋಗುತ್ತಿತ್ತು ಅನ್ನುವುದು ಆ ತಾಯಿಗೆ ಗೊತ್ತೇ ಇಲ್ಲ. ಬೆಳಗಾಗಿದೆ ಅನ್ನುವುದೂ ಗೊತ್ತಿಲ್ಲ. ಮಾವನಿಗೆ ಎಚ್ಚರವಾಯಿತಲ್ಲ ಎಂಬ ಭಯವೊಂದೇ. ಯಜಮಾನ ಕೂಸನ್ನು ಎದೆಗವಚಿಕೊಂಡು ಅಲ್ಲೇ ಕೂತುಬಿಟ್ಟ.

"ನೀನು ಹೋಗಿ ಮಲಕ್ಕೊ ತಾಯಿ. ಇವನು ನನ್ ಹತ್ರ ಇರ್ಲಿ" ಅಂದ. ಮಡಿಯ ಮಾತು ಆ ಮನೆಯಲ್ಲಿ ಅವತ್ತಿಗೆ ಮುಗಿಯಿತು. ಬೇರನ್ನು ಆಮೇಲೆ ಅವನೇ ಕುಟ್ಟಿಕೊಂಡ.

ಈಗ ನೀವು ಹೇಳಿ. ಅಷ್ಟು ದಿನ ಅವನಿಗೆ ನಿದ್ದೆ ಕೊಟ್ಟದ್ದು ಬೇರೋ, ಆ ಹೆಣ್ಣುಮಗಳೋ? ನಿಮ್ಮ ಮನೆಯಲ್ಲಿ ಎಲ್ಲರಿಗಿಂತ ಕೊನೆಗೆ ಮಲಗುವವರು ಯಾರು? ಎಲ್ಲರಿಗಿಂತ ಮೊದಲು ಏಳುವವರು ಯಾರು? ಇಬ್ಬರೂ ಒಬ್ಬರೇ ತಾನೆ? ಅವರ ನಿದ್ದೆಯನ್ನೇ ಹೊದ್ದು ಮಲಗಿ, ಬೆಳಗ್ಗೆ ಎದ್ದು ದೇವರಿಗೆ ಕೈ ಮುಗಿಯುತ್ತೀರಿ. ನನಗೆ ಸಿಟ್ಟು ಬರುತ್ತದೆ, ಸಂಕಟವೂ ಆಗುತ್ತದೆ.

ಇವತ್ತು ಮನೆಗೆ ಹೋಗಿ ಉಂಡ ತಟ್ಟೆ ನೀವೇ ತೊಳೆಯಿರಿ. ನಿಮ್ಮ ಹಾಸಿಗೆ ನೀವೇ ಹಾಸಿಕೊಳ್ಳಿ. ಅಳುವ ಮಗುವನ್ನು ನೀವು ಎತ್ತಿಕೊಳ್ಳಿ. ಅವರು ಮಲಗಿದ ಮೇಲೆ ನೀವು ಮಲಗಿ.