27ನೇ ಮಿಷನ್ನಿನ ಬಾಬಿನ್ ಕೇಸ್

ಹೆಸರು ಸ್ವರ್ಣಲತಾ, ಗಂಡ ಚಿನ್ನಯ್ಯ, ಪ್ರಾಯ 43 ವರ್ಷ, ಉದ್ಯೋಗ ಗಾರ್ಮೆಂಟ್ಸ್‌ನಲ್ಲಿ ಟೈಲರ್, ವಾಸ ಸಿದ್ಧಕಟ್ಟೆ, ಬಂಟ್ವಾಳ ತಾಲೂಕು. ನನ್ನ ಮೇಲೆ ಕಂಪೆನಿಯವರು ಕೊಟ್ಟ ಕಳವಿನ ದೂರಿನ ಬಗ್ಗೆ ಈ ದಿನ ಠಾಣೆಗೆ ಹಾಜರಾಗಿ ತಿಳಿಸುವುದೇನೆಂದರೆ,

ನಾನು ಮೂಡುಬಿದಿರೆ ಸಮೀಪದ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಹನ್ನೊಂದು ವರ್ಷಗಳಿಂದ 27ನೇ ಮಿಷನ್ನಿನಲ್ಲಿ ಅಂಗಿಯ ಕಾಲರ್ ಹೊಲಿಯುತ್ತಿದ್ದೆ. ನಮ್ಮ ಸೂಪರ್‌ವೈಸರ್ ಶ್ರೀಪ್ರಿಯಾ ಮೊದಲು 28ರಲ್ಲಿ ಕೂರುತ್ತಿದ್ದವಳು. ನನಗೆ ಕೆಲಸ ಕಲಿಸಿದವಳು ಅವಳೇ. ಕೆಳಗಿನ ನೂಲು ಕೂರುವ ಸಣ್ಣ ಉಕ್ಕಿನ ಡಬ್ಬಿಗೆ ಬಾಬಿನ್ ಕೇಸ್ ಎನ್ನುತ್ತಾರೆ. ರಜೆಗೆ ಹೋಗುವಾಗ ಅದನ್ನು ಕಳಚಿ ಮನೆಗೆ ಒಯ್ಯಬೇಕು, ಇಲ್ಲದಿದ್ದರೆ ಬೇರೆಯವರು ಕೂತು ಹೊಲಿಗೆ ಹಾಳು ಮಾಡ್ತಾರೆ ಎಂದು ಹೇಳಿಕೊಟ್ಟವಳೂ ಅವಳೇ.

ದಿನಾಂಕ 30-09-2025ರಂದು ಮಧ್ಯಾಹ್ನ ಊಟದ ನಂತರ ಶ್ರೀಪ್ರಿಯಾ ಬಂದು, ಈ ಸಲ ಆಯುಧಪೂಜೆ ಜೋರುಂಟು, ಎಲ್ಲರೂ ಮಿಷನ್ ಒರೆಸಿ, ಎಣ್ಣೆ ಬಿಟ್ಟು, ಸೂಜಿ ತೆಗೆದು, ಬಟ್ಟೆ ಸುತ್ತಿ ಬಿಗಿಯಾಗಿ ಕಟ್ಟಿ ಎಂದಳು. ಹೂ ಇಡ್ಲಿಕ್ಕೆ ಕಟ್ಟುವುದು ಯಾಕೆ ಮಾರಾಯ್ತಿ ಎಂದು ನಾನು ಕೇಳಿದೆ. ನಿನ್ನ ಮಿಷನ್ನಿಗೆ ಮದುವೆ, ದಿಬ್ಬಣ ಹೊರಡ್ಲಿಕ್ಕುಂಟು ಎಂದಳು. ನಾವೆಲ್ಲ ನಕ್ಕೆವು. ಸಂಜೆ ಪೂಜೆಯಾಗಿ ಅವಲಕ್ಕಿ ಕೊಟ್ಟರು. 5.30ಕ್ಕೆ ಗೇಟಿನ ಬಳಿ ಅವಳು, ಬಾಬಿನ್ ಕೇಸ್ ತೆಕ್ಕೊಂಡಿದ್ದೀಯಲ್ಲ ಎಂದು ಕೇಳಿದಳು. ಬೇರೆ ಯಾರೂ ಹತ್ತಿರ ಇರಲಿಲ್ಲ. ನಾನು ಪರ್ಸ್ ತಟ್ಟಿ ತೋರಿಸಿದೆ.

ದಿನಾಂಕ 03-10-2025 ಬೆಳಿಗ್ಗೆ 8.40ಕ್ಕೆ ಹೋದಾಗ ಗೇಟಿಗೆ ಬೀಗವಿತ್ತು. ಘಟಕದ ಪುನರ್‌ರಚನೆಯಾಗಿದೆ, ಟೈಲರ್‌ಗಳ ಅಗತ್ಯವಿಲ್ಲ ಎಂದು ಬರೆದು ಅಂಟಿಸಿದ್ದರು. ಕಾವಲಿನ ಮೂಸಾರವರು, ನಿಮಗೆ ಯಾರೂ ಹೇಳ್ಲಿಲ್ವಾ ಅಕ್ಕ, ಮಿಷನ್ ಎಲ್ಲ ಹಬ್ಬದ ದಿವಸವೇ ಲಾರಿಯಲ್ಲಿ ಹೋಯ್ತು, ಶ್ರೀಪ್ರಿಯಾ ಮೇಡಂ ನಿಂತು ಹತ್ತಿಸಿದ್ದು ಎಂದರು. ಕಿಟಕಿಯಲ್ಲಿ ಇಣುಕಿದೆ. 27ರ ಜಾಗದಲ್ಲಿ ನಾನು ಇಟ್ಟ ಸೇವಂತಿಗೆ ಮಾತ್ರ ಬಿದ್ದಿತ್ತು.

ದಿನಾಂಕ 06-10-2025ರಂದು ಶ್ರೀಪ್ರಿಯಾ ಫೋನ್ ಮಾಡಿ, ಕಂಪೆನಿಯ ಹೊಸ ಜಾಗದಲ್ಲಿ ನನಗೆ ಕೆಲಸ ಕೊಟ್ಟಿದ್ದಾರೆ, ನೀನು ಸ್ವಇಚ್ಛೆಯ ರಾಜೀನಾಮೆಗೆ ಸಹಿ ಹಾಕು, ಇಲ್ಲದಿದ್ದರೆ ಬಾಬಿನ್ ಕೇಸ್ ಕದ್ದದ್ದೆಂದು ಕೇಸ್ ಆಗ್ತದೆ, ನನಗೂ ಮಕ್ಕಳುಂಟಲ್ಲ ಎಂದಳು. ಕೆಲಸ ಬಿಟ್ಟದ್ದು ನಾನಲ್ಲ ಎಂದು ಹೇಳಿ ಫೋನ್ ಇಟ್ಟೆ.

ಬಾಬಿನ್ ಕೇಸ್ ಒಯ್ದದ್ದು ನಿಜ. ಕದ್ದದ್ದಲ್ಲ. ಈಗ ತಮ್ಮ ಮೇಜಿನ ಮೇಲೆ ಇಟ್ಟಿದ್ದೇನೆ, ಕಂಪೆನಿಯವರು ಕೊಂಡುಹೋಗಲಿ. ಅದು ನನ್ನ ಪರ್ಸಿನಲ್ಲಿದ್ದದ್ದು ಶ್ರೀಪ್ರಿಯಾಳಿಗೆ ಮಾತ್ರ ಗೊತ್ತಿತ್ತು. ಅದನ್ನೂ ಬರೆದುಕೊಳ್ಳಬೇಕಾಗಿ ಕೇಳಿಕೊಳ್ಳುತ್ತೇನೆ.

ನಾನು ಹೇಳಿದಂತೆಯೇ ಬರೆದದ್ದನ್ನು ಓದಿಸಿ ಕೇಳಿದ್ದೇನೆ, ಎಲ್ಲವೂ ಸತ್ಯವಾಗಿದೆ.

ಸ್ಥಳ: ಮೂಡುಬಿದಿರೆ
ದಿನಾಂಕ: 09-10-2025
ಸಹಿ: ಸ್ವರ್ಣಲತಾ