ವರ್ಲೀನಳ ಮೈಕು

ನಾನು ಚಾಕು, ಫೋರ್ಕುಗಳನ್ನು ಕಾಗದದಲ್ಲಿ ಸುತ್ತಿಡುತ್ತಿದ್ದೆ. ಟೆನೆಸಿಯ ಹೆದ್ದಾರಿ ಬದಿಯ ನಮ್ಮ ಹೋಟೆಲಿನಲ್ಲಿ ಆಗ ಇದ್ದವರು ಹೆನ್ಸ್ಲಿ ಸಿಸ್ಟರ್ಸ್ ಇಬ್ಬರೇ. ಮೂವತ್ತು ವರ್ಷದಿಂದ ಜೋಡಿಯಾಗಿ ಹಾಡುತ್ತಿರುವ ಅವರನ್ನು ನಮ್ಮ ಕಡೆ ಗುರುತಿಸದವರಿಲ್ಲ. ಅಕ್ಕ ವರ್ಲೀನ್ ತಟ್ಟೆಯಲ್ಲಿದ್ದ ಮೆಕ್ಕೆಜೋಳದ ರೊಟ್ಟಿಯನ್ನು ಮುಟ್ಟಿರಲಿಲ್ಲ.

"ಶನಿವಾರದಿಂದ ನನ್ನ ಜೊತೆ ಡೆಲ್ಲಾ ಹಾಡ್ತಾಳೆ ಅಕ್ಕ," ಎಂದಳು ತಂಗಿ ಜೊನೆಲ್.

"ನಮ್ಮ ಪಿಟೀಲು ಹುಡುಗೀನಾ? ವರ್ಲೀನ್ ಎಲ್ಲಿ ಅಂತ ಜನ ಕೇಳಲ್ವೇನೇ?"

"ಕೇಳಲ್ಲ. ನಿನ್ನ ಗಂಟಲು ಒಡೆದಾಗಿಂದ ನಿನ್ನ ಮೈಕ್ ಆಫ್ ಮಾಡಿಸಿದೀನಿ. ಒಂದು ವರ್ಷ ಆಯ್ತು. ನಿನ್ನ ಹಿಂದೆ ನಿಂತು ಡೆಲ್ಲಾನೇ ಹಾಡ್ತಿದ್ಲು."

"ಮೊನ್ನೆ ಬ್ರಿಸ್ಟಲ್ ಊರಿನ ಶೋನಲ್ಲಿ ಎಲ್ರೂ ಎದ್ದುನಿಂತು ಚಪ್ಪಾಳೆ ಹೊಡೆದ್ರಲ್ಲೇ!"

"ಅವಳ ದನಿಗೆ ಹೊಡೆದಿದ್ದು."

"ನಂಗೆ ಹೇಳ್ಬಹುದಿತ್ತು."

"ಹೇಳಿದ್ರೆ ಅಷ್ಟು ಚೆನ್ನಾಗಿ ನಗ್ತಿದ್ಯಾ? ನಿನ್ನ ಹಸಿರು ಗೌನು ಒಗೆದು ಕಳಿಸು. ಅವಳು ನಿನ್ನಷ್ಟು ದಪ್ಪ ಇಲ್ಲ, ಸೊಂಟದ ಹತ್ರ ಹೊಲಿಗೆ ಹಿಡಿಸ್ಬೇಕು."

ಜೊನೆಲ್ ಕಾರಿನ ಕೀ ತೆಗೆದುಕೊಂಡು, ತಿರುಗಿ ನೋಡದೆ ಬಾಗಿಲು ದಾಟಿದಳು. ವರ್ಲೀನ್ ಅವಳ ಹಿಂದೆಯೇ ಹೋಗುತ್ತ ಕೇಳಿಕೊಂಡಳು:

"ಅಮ್ಮನ್ನ ಮಣ್ಣು ಮಾಡಿದ ದಿನ ನಾನು ಕಟ್ಟಿದ್ನಲ್ಲ, ಆ ಹಾಡು ಮಾತ್ರ ಅವಳ ಕೈಲಿ ಹಾಡಿಸ್ಬೇಡ ಕಣೇ."