ಮೂರನೇ ಸಲ ಕರೆಯಲಿಲ್ಲ

ಇದು ಕಟ್ಟಿ ಹೇಳುವ ಕತೆಯಲ್ಲ. ಶಿರ್ವದ ವಲೆಂಟೈನ್, ನನ್ನ ದೊಡ್ಡಮ್ಮನ ಮಗ, ಅವನಿಗೆ ಹೋದ ಚಳಿಗಾಲ ಸೌದಿಯಲ್ಲಿ ಆದದ್ದು.

ರಾಸ್ ಅಲ್ ಖೈರ್‌ನಲ್ಲಿ ಬಸ್ಸಿಳಿದು ಕೆಲಸಗಾರರ ಕ್ಯಾಂಪಿಗೆ ನಡೆಯುವ ದಾರಿಯಲ್ಲಿ ಒಂದು ಬತ್ತಿದ ಬಾವಿ. ಮೇಲೆ ತಗಡು ಮುಚ್ಚಿದ್ದಾರೆ. ಜೊತೆಯವರೆಲ್ಲ ರಜೆಗೆಂದು ಅಲ್ ಖೋಬರಿಗೆ ಹೋಗಿದ್ದರು, ಆ ರಾತ್ರಿ ಇವನೊಬ್ಬನೇ. ಬಾವಿ ದಾಟುವಾಗ ತಗಡು ಕಿರ್ರ್... ಎಂದಿತು. ಆಮೇಲೆ ಮೆತ್ತಗೆ ಒಂದು ಕರೆ.

"ವಾಲೆ..."

ಕಾಲುಗಳು ಅಲ್ಲೇ ನಿಂತವು. ಹಾಗೆ ಕರೆಯುತ್ತಿದ್ದವನು ಲೋಕದಲ್ಲಿ ಒಬ್ಬನೇ, ಇಟಲಿಯ ಮುದುಕ ಪಿಯೆತ್ರೊ. ಅವನು ಸತ್ತ ಸುದ್ದಿ ಬಂದು ತಿಂಗಳಾಗಿತ್ತು.

ಸೌದಿಗೆ ಬರುವ ಮೊದಲು ವಲೆಂಟೈನ್ ಇಟಲಿಯ ಗುಡ್ಡದೂರೊಂದರ ಹಳೇ ಸಹಕಾರಿ ವೈನರಿಯಲ್ಲಿ ಪಿಯೆತ್ರೊನ ಜೊತೆ ದುಡಿದವನು. ಸುತ್ತಲ ರೈತರೆಲ್ಲ ಅಜ್ಜಂದಿರ ಕಾಲದಿಂದ ತಮ್ಮ ಬಿಳಿ ದ್ರಾಕ್ಷಿಯನ್ನು ಅಲ್ಲೇ ತಂದು ಸುರಿಯುತ್ತಾರೆ, ಎಲ್ಲರದ್ದೂ ಸೇರಿ ಒಂದೇ ವೈನ್. ದ್ರಾಕ್ಷಿ ಹುಳಿಯುವಾಗ ಏಳುವ ಗಾಳಿ ಕೆಟ್ಟದ್ದು; ತೊಟ್ಟಿ ತೊಳೆಯಲು ಇಳಿದವನು ನಿದ್ದೆ ಬಂದ ಹಾಗೆ ಕುಸಿಯುತ್ತಾನೆ. ಅದಕ್ಕೇ ಮೇಲೆ ನಿಂತವನು ಹೆಸರು ಹಿಡಿದು ಕರೆಯಬೇಕು, ಒಳಗಿದ್ದವನು ಕೂಡಲೇ ಓಗೊಡಬೇಕು. ನಮ್ಮವನ ಬುದ್ಧಿಗೆ ಏನನ್ನೋಣ, ಒಂದು ರಾತ್ರಿ ತೊಟ್ಟಿಯೊಳಗೆ ಬಾಯೇ ಬಿಡಲಿಲ್ಲ. ಇರುಳು ಕರೆದರೆ ಮೂರನೇ ಕರೆಗೇ ಓಗೊಡಬೇಕು, ದೆವ್ವ ಮೂರು ಸಲ ಕರೆಯುವುದಿಲ್ಲ ಎಂದು ಅಜ್ಜಿ ಕಲಿಸಿದ್ದಳಲ್ಲ! ಪಿಯೆತ್ರೊ ಎರಡು ಸಲ ಕರೆದ, ಮೂರನೇ ಸಲ ಕರೆಯದೆ ಆ ವಯಸ್ಸಿನಲ್ಲಿ ಏಣಿ ಇಳಿದು ಬಂದ. ಇವನು ನೆಟ್ಟಗೆ ನಿಂತದ್ದು ಕಂಡು ಬೈದ, ಅಪ್ಪಿಕೊಂಡ, ಅತ್ತ.

"ಕರೆದಾಗ ಮಾತಾಡು, ಮಗನೇ. ಇಲ್ಲದಿದ್ದರೆ ನಾನು ಇಳಿದು ಬರಬೇಕಾಗುತ್ತದೆ."

ವಲೆಂಟೈನ್ ಬಾವಿಯ ಹತ್ತಿರದಿಂದ ಓಡಿ ರೂಮು ಸೇರಿದ. ಚಳಿಗೆ ಕಿಟಕಿ ಹಾಕಿ, ಬಾಗಿಲಡಿಗೆ ಬಟ್ಟೆ ತುರುಕಿ, ಊರಿಗೆ ಹೆಂಡತಿ ಎಲಿಜಬೆತ್‌ಗೆ ಫೋನ್ ಮಾಡಿ ಆದದ್ದೆಲ್ಲ ಹೇಳಿದ. ಗೋಡೆಯಾಚೆ ಜನರೇಟರ್ ಗುರ್ರ್... ಎನ್ನುತ್ತಿತ್ತು. ಅದರ ನಡುವೆ ತಗಡಿನ ಗೋಡೆ ಠಣ್ ಎಂದಿತು.

"ವಾಲೆ..."

ಅದು ಎಲಿಜಬೆತ್‌ಗೂ ಕೇಳಿತು. "ಓಗೊಡಬೇಡಿ ಮಾರಾಯ್ರೆ," ಎಂದು ಪಿಸುಗುಟ್ಟಿದಳು. "ಇನ್ನೊಂದು ಸಲ ಕರೆಯಲಿ."

ಅವನು ಫೋನಿಟ್ಟು ಕಾದ. ಹೆದರಿಕೆಗಿಂತ ಓಗೊಡುವ ಆಸೆಯೇ ಹೆಚ್ಚಿತ್ತು. ಆ ಕ್ಯಾಂಪಿನಲ್ಲಿ ಅವನನ್ನು ಕೂಗುವುದು ಬ್ಯಾಡ್ಜಿನ ನಂಬರಿನಿಂದ. ಪ್ರೀತಿಯಿಂದ ಹೆಸರು ಹಿಡಿದು ಕರೆದವರಿಲ್ಲ. ಮೂರನೇ ಕರೆ ಬರಲಿ... ಬರಲಿ... ಎನ್ನುತ್ತಲೇ ತಲೆ ಭಾರವಾಯಿತು. ಕೊನೆಗೆ ನೆನಪಿರುವುದು, ಹುಳಿ ದ್ರಾಕ್ಷಿಯ ವಾಸನೆ. ಕಂಕುಳಲ್ಲಿ ಎರಡು ಕೈ.

ಬೆಳಿಗ್ಗೆ ಅವನು ಹೊರಗೆ ಮರಳಿನ ಮೇಲೆ ಬಿದ್ದಿದ್ದ. ಕಂಡವನು ಕ್ಯಾಂಪಿನ ದಿನಸಿ ಅಂಗಡಿಯ ಸುಫ್ಯಾನ್, ಭಟ್ಕಳದವನು. ಜನರೇಟರಿನ ಹೊಗೆ ಗೋಡೆಯ ಸಂದಿನಿಂದ ನುಗ್ಗಿ ರೂಮು ತುಂಬಿತ್ತು. ಒಳಗೇ ಮಲಗಿದ್ದರೆ ವಲೆಂಟೈನ್ ಏಳುತ್ತಿರಲಿಲ್ಲ.

ನಂಬದಿದ್ದರೆ ಸುಫ್ಯಾನನನ್ನೇ ಕೇಳಿ, ಈಗಲೂ ಅಲ್ಲೇ ಇದ್ದಾನೆ. ಬಾಗಿಲಿನಿಂದ ಮರಳಿನುದ್ದಕ್ಕೂ ಹಿಮ್ಮಡಿ ಎಳೆದ ಎರಡು ಗೆರೆ ಇದ್ದವು. ಎಳೆದವರ ಹೆಜ್ಜೆ ಇರಲಿಲ್ಲ.